ಪ್ರಣಯಕಥೆಯೂ ಸತ್ಯಾಣುವ್ರತವೂ

ಬೆಂಗಳೂರಿನ ಉಪ್ಪಾರಪೇಟೆಯು ಎರಡು ಬಗೆಯ ವ್ಯವಹಾರಗಳ ನಡುವೆ ಬೆಳೆದ ಪೇಟೆ. ಒಂದು ಕಡೆ ಚಿಕ್ಕಪೇಟೆಯತ್ತ ಸಾಗುವ ಅಂಗಡಿ ಬೀದಿಗಳು. ಅಲ್ಲಿ ಮಾತಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಇನ್ನೊಂದು ಕಡೆ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಸಾಲು. ಅಲ್ಲಿ ಲೆಕ್ಕಕ್ಕಿಂತ ಕಥೆಗೆ ಬೆಲೆ ಹೆಚ್ಚು. ಆ ಸಾಲಿನ ಮೆಜೆಸ್ಟಿಕ್ ಚಿತ್ರಮಂದಿರವು ಕಣ್ಮರೆಯಾಗಿ ಎಷ್ಟೋ ಕಾಲವಾಯಿತು. ಆದರೆ ಅದರ ಹೆಸರು ಮಾತ್ರ ಆ ಪ್ರದೇಶಕ್ಕೆ ಅಂಟಿಕೊಂಡು ಉಳಿದಿದೆ. ವಸ್ತು ಅಳಿದ ಮೇಲೂ ಹೆಸರು ಉಳಿಯುತ್ತದೆ. ಮನುಷ್ಯನ ವಿಷಯದಲ್ಲಿಯೂ ಹೀಗೆಯೇ. ಅಳಿದವರ ಪಾಲಿಗೆ ಲೋಕದಲ್ಲಿ ಉಳಿಯುವ ಸೊತ್ತು ಹೆಸರೊಂದೇ. ಆ ಹೆಸರನ್ನು ಬದುಕಿರುವವರು ಹೇಗೆ ಬಳಸಬೇಕು ಎಂಬುದು ಧರ್ಮಕ್ಕೆ ಸಂಬಂಧಿಸಿದ ಪ್ರಶ್ನೆ.

ಇಂದು ಈ ಪ್ರಶ್ನೆಗೆ ವಿಶೇಷವಾದ ಸಂದರ್ಭ ಒದಗಿದೆ. ಗತಕಾಲದ ಅರಮನೆ, ಆಭರಣ, ವಸ್ತ್ರವೈಭವಗಳ ನಡುವೆ ಒಂದು ಪ್ರಣಯವನ್ನು ನಿಲ್ಲಿಸಿ, ಕಾದಂಬರಿಯ ಆಧಾರದ ಮೇಲೆ ಕಂತುಕಂತಾಗಿ ತೋರಿಸುವ ಧಾರಾವಾಹಿಗಳು ಜಗತ್ತಿನಾದ್ಯಂತ ಜನಪ್ರಿಯವಾಗಿವೆ. ಮೊದಲು ನಡುಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ ಕಾಣುತ್ತಿದ್ದವು. ಈಗ ಅಂಗೈಯ ಮೊಬೈಲಿನಲ್ಲಿ ಕಾಣುತ್ತವೆ. ಜೂಲಿಯಾ ಕ್ವಿನ್ ಎಂಬ ಲೇಖಕಿಯ ಕಾದಂಬರಿಗಳನ್ನು ಆಧರಿಸಿ 2020ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಆರಂಭವಾದ ‘ಬ್ರಿಡ್ಜರ್ಟನ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಆದಿಯ ಲಂಡನ್ ನಗರದ ಶ್ರೀಮಂತ ಕುಟುಂಬಗಳ ವಿವಾಹ ಪ್ರಸಂಗಗಳು ಅದರ ವಸ್ತು. ಕಥೆಯ ನಾಯಕ ನಾಯಿಕೆಯರು ಕಲ್ಪಿತರು. ಆದರೆ ಅವರ ನಡುವೆ ಸಿಂಹಾಸನದ ಮೇಲೆ ಕುಳಿತ ಷಾರ್ಲೆಟ್ ರಾಣಿ ಕಲ್ಪಿತಳಲ್ಲ. ಮೂರನೆಯ ಜಾರ್ಜ್ ದೊರೆಯ ಪತ್ನಿಯಾಗಿ ನಿಜವಾಗಿ ಬಾಳಿದವಳು. ಆ ರಾಣಿಯ ದಾಂಪತ್ಯವನ್ನೇ ವಸ್ತುವನ್ನಾಗಿ ಮಾಡಿಕೊಂಡ ಇನ್ನೊಂದು ಧಾರಾವಾಹಿ 2023ರಲ್ಲಿ ಬಂದಿತು. ಅದರ ಆರಂಭದಲ್ಲಿಯೇ, ಇದು ಚರಿತ್ರೆಯ ಪಾಠವಲ್ಲ, ವಾಸ್ತವದಿಂದ ಸ್ಫೂರ್ತಿ ಪಡೆದ ಕಲ್ಪನೆ ಎಂಬ ಆಶಯದ ಮಾತು ಕೇಳಿಬರುತ್ತದೆ.

ಇಂಥ ಪ್ರಕಟಣೆ ಕನ್ನಡ ನಾಡಿಗೆ ಹೊಸದಲ್ಲ. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯು 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ ವಾದವಿವಾದಗಳು ಎದ್ದವು. ಇದು ಕಾದಂಬರಿಯ ನಾಟಕೀಯ ರೂಪವೇ ಹೊರತು ಚರಿತ್ರೆಯ ಯಥಾರ್ಥ ನಿರೂಪಣೆಯಲ್ಲ ಎಂಬ ಪ್ರಕಟಣೆಯೊಡನೆ ಅದನ್ನು ತೋರಿಸಬೇಕಾಯಿತು. ವಾದಿ ಪ್ರತಿವಾದಿಗಳ ರಾಜಕೀಯ ಇಲ್ಲಿ ಅಪ್ರಸ್ತುತ. ವಿಚಾರಣೀಯವಾದದ್ದು ಒಂದೇ: ಕ್ಷಣಕಾಲದ ಪ್ರಕಟಣೆಯು ತಿಂಗಳುಗಟ್ಟಲೆ ನೋಡಿದ ಚಿತ್ರದ ಪ್ರಭಾವವನ್ನು ಅಳಿಸಬಲ್ಲುದೆ? ಅಳಿಸಲಾರದಾದರೆ, ಪ್ರಕಟಣೆಯನ್ನು ಹಾಕಿದ ಮಾತ್ರಕ್ಕೆ ಹೊಣೆ ಮುಗಿಯಿತೆ?

ಜೈನಾಚಾರ್ಯರು ಕಥೆಯ ವಿಷಯವಾಗಿ ಬಹಳ ಹಿಂದೆಯೇ ಚಿಂತಿಸಿದ್ದಾರೆ. ಆತ್ಮಹಿತಕ್ಕೆ ಸಲ್ಲದ ಮಾತುಕಥೆಗಳನ್ನು ‘ವಿಕಥೆ’ಯೆಂದು ಕರೆದು, ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂದು ನಾಲ್ಕಾಗಿ ವಿಂಗಡಿಸಿದರು. ರಾಜರಾಣಿಯರ ಪ್ರಣಯವನ್ನು ತೋರಿಸುವ ಧಾರಾವಾಹಿಯಲ್ಲಿ ಇವುಗಳಲ್ಲಿ ಎರಡಾದರೂ ಏಕಕಾಲಕ್ಕೆ ಕೂಡಿರುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ‘ದುಃಶ್ರುತಿ’ಯನ್ನೂ ಸೇರಿಸಿದರು. ಇಷ್ಟನ್ನೇ ಹಿಡಿದು, ಪ್ರಣಯಕಥೆಯೆಲ್ಲವೂ ಶ್ರಾವಕನಿಗೆ ವರ್ಜ್ಯವೆಂದು ತೀರ್ಪು ಕೊಟ್ಟುಬಿಡುವುದು ಸುಲಭ.

ಆದರೆ ಕನ್ನಡದ ಜೈನ ಕವಿಗಳೇ ಆ ತೀರ್ಪನ್ನು ಒಪ್ಪುವುದಿಲ್ಲ. 941ರಲ್ಲಿ ಪಂಪನು ಆದಿಪುರಾಣವನ್ನು ರಚಿಸಿದಾಗ ಲಲಿತಾಂಗ ಸ್ವಯಂಪ್ರಭೆಯರ, ವಜ್ರಜಂಘ ಶ್ರೀಮತಿಯರ ಅನುರಾಗವನ್ನು ಮೊಟಕುಮಾಡಲಿಲ್ಲ. ಭವಭವಾಂತರಗಳಲ್ಲಿ ಒಬ್ಬರನ್ನೊಬ್ಬರು ಹುಡುಕುವ ಆ ಜೀವಗಳ ಪ್ರೇಮವನ್ನು ತುಂಬು ಮನಸ್ಸಿನಿಂದ ಬಣ್ಣಿಸಿ, ಅದೇ ದಾರಿಯಲ್ಲಿ ಓದುಗನನ್ನು ವೈರಾಗ್ಯದವರೆಗೆ ನಡೆಸಿಕೊಂಡು ಹೋದನು. ನೇಮಿಚಂದ್ರನ ಲೀಲಾವತಿ ಪ್ರಬಂಧವು ಕನಸಿನಲ್ಲಿ ಕಂಡು ಮೋಹಿಸಿದ ರಾಜಕುಮಾರ ರಾಜಕುಮಾರಿಯರ ಕಥೆ. ಜನ್ನನು 1209ರ ಯಶೋಧರ ಚರಿತೆಯಲ್ಲಿ ಅಮೃತಮತಿಯು ಅಷ್ಟಾವಂಕನಿಗೆ ಒಲಿದ ಪ್ರಸಂಗವನ್ನು ಮರೆಮಾಚಲಿಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಗಳು ಅರ್ಥಕಥೆ, ಕಾಮಕಥೆ, ಧರ್ಮಕಥೆಗಳ ಜೊತೆಗೆ ಇವು ಬೆರೆತ ಸಂಕೀರ್ಣಕಥೆಗೂ ಸ್ಥಾನ ಕೊಟ್ಟಿದ್ದಾರೆ. ಆದುದರಿಂದ ಪ್ರಣಯವಿದೆ ಎಂಬ ಕಾರಣದಿಂದಲೇ ಕಥೆ ದೋಷಯುಕ್ತವಾಗುವುದಿಲ್ಲ. ದೋಷವಿದ್ದರೆ ಅದನ್ನು ಬೇರೆಡೆ ಹುಡುಕಬೇಕು.

ಲೀಲಾವತಿ ಕವಿಯ ಕೂಸು. ಅವಳ ಹೆಸರಿನಲ್ಲಿ ಏನನ್ನು ಹೇಳಿದರೂ ಕವಿ ತನ್ನ ಸೊತ್ತನ್ನೇ ವ್ಯಯಮಾಡುತ್ತಾನೆ. ಆದರೆ ನಿಜವಾಗಿ ಬಾಳಿ, ದಾನಧರ್ಮಗಳನ್ನು ಮಾಡಿ, ಕಲ್ಲಿನ ಮೇಲೆ ಹೆಸರನ್ನು ಉಳಿಸಿಹೋದ ವ್ಯಕ್ತಿಯನ್ನು ಪ್ರಣಯಕಥೆಯ ನಾಯಿಕೆಯನ್ನಾಗಿ ಮಾಡಿದಾಗ ಕಥೆಗಾರನು ಪರರ ಸೊತ್ತನ್ನು ಮುಟ್ಟಿದಂತಾಗುತ್ತದೆ. ಕನ್ನಡಿಗರಿಗೆ ಇದರ ಸಮೀಪದ ಉದಾಹರಣೆ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿ.

ಶಾಂತಲೆಯನ್ನು ಕುರಿತ ಎರಡು ಕಾದಂಬರಿಗಳು ಮನೆಮಾತಾಗಿವೆ. ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಪಟುವೂ ಆಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದು, ಸಿ.ಕೆ. ನಾಗರಾಜರಾವ್ ಅವರ ಬೃಹತ್ ಕೃತಿ ‘ಪಟ್ಟಮಹಾದೇವಿ ಶಾಂತಲದೇವಿ’ ಇನ್ನೊಂದು. ಎರಡನೆಯದಕ್ಕೆ ಭಾರತೀಯ ಜ್ಞಾನಪೀಠವು 1983ರ ಮೂರ್ತಿದೇವಿ ಪ್ರಶಸ್ತಿಯನ್ನಿತ್ತು ಗೌರವಿಸಿತು. ಹಳೆಯ ತಲೆಮಾರಿನ ಅನೇಕ ಮನೆಗಳಲ್ಲಿ ಹೊಯ್ಸಳರ ಕಾಲ ಪರಿಚಯವಾದದ್ದೇ ಇಂಥ ಕಾದಂಬರಿಗಳ ಮೂಲಕ. ಆ ಉಪಕಾರವನ್ನು ಮರೆಯಲಾಗದು. ಕಾದಂಬರಿಯು ಮನಸ್ಸಿನಲ್ಲಿ ಬಿತ್ತಿದ ಶಾಂತಲೆಗೆ ಬೇಲೂರಿನ ದರ್ಪಣಸುಂದರಿಯ ಮುಖ ಬಂದು ಸೇರಿತು. ಆ ಶಿಲಾಬಾಲಿಕೆ ಶಾಂತಲೆಯೇ ಎಂದು ಪ್ರವಾಸಿಗರಿಗೆ ಹೇಳುವುದು ವಾಡಿಕೆ. ಶಿವಗಂಗೆಯ ಬೆಟ್ಟದ ತುದಿಯ ಪ್ರಪಾತವೊಂದನ್ನು ತೋರಿಸಿ, ಸವತಿಯ ಹಾದಿ ಸುಗಮವಾಗಲೆಂದು, ರಾಜ್ಯಕ್ಕೆ ಉತ್ತರಾಧಿಕಾರಿ ಹುಟ್ಟಲೆಂದು ರಾಣಿಯು ಇಲ್ಲಿಂದಲೇ ಧುಮುಕಿದಳು ಎಂದು ಹೇಳುವುದೂ ವಾಡಿಕೆ.

ಶಾಸನಗಳು ಹೇಳುವುದೇ ಬೇರೆ. ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಪ್ರಭಾಚಂದ್ರ ಸಿದ್ಧಾಂತದೇವರು ಶಾಂತಲೆಯ ಗುರುಗಳು. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದಾಗ, ಜಿನಭಕ್ತೆಯಾದ ಈ ರಾಣಿ ಪಕ್ಕದಲ್ಲಿಯೇ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟಳು. ತನ್ನ ಬಿರುದಿನಿಂದಲೇ ಅದಕ್ಕೆ ‘ಸವತಿಗಂಧವಾರಣ ಬಸದಿ’ ಎಂಬ ಹೆಸರು ಬಂದಿತು. ಸವತಿಯರ ಪಾಲಿಗೆ ಮದಗಜದಂತಿರುವವಳು ಎಂಬುದು ಆ ಬಿರುದಿನ ಅರ್ಥ. ಸವತಿಗಾಗಿ ಪ್ರಾಣವನ್ನೇ ನೀಗಿದ ಕೋಮಲೆಯ ಚಿತ್ರಕ್ಕೂ ಈ ಬಿರುದಿಗೂ ಎಷ್ಟು ಅಂತರವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕೆಯ ಮರಣದ ವಿಷಯವೂ ಹಾಗೆಯೇ. ಶಾಂತಲೆಯು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಬೆಟ್ಟದ ಮೇಲಿಂದ ಧುಮುಕಿದ ಮಾತು ಅದರಲ್ಲಿಲ್ಲ. ಮಗಳ ಅಗಲಿಕೆಯ ಅನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳ ಕಾಲ ಅನಶನವನ್ನಾಚರಿಸಿ, ಗುರುಗಳ ಸನ್ನಿಧಿಯಲ್ಲಿ ಸಮಾಧಿಮರಣವನ್ನು ಪಡೆದಳೆಂದು ಅದೇ ಶಾಸನ ಹೇಳುತ್ತದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯು ಗಂಗರಾಜನ ಮಗ ಬೊಪ್ಪನಿಂದ 1133ರಲ್ಲಿ ಪೂರ್ಣಗೊಂಡಾಗ, ವಿಜಯವಾರ್ತೆಯೂ ಪುತ್ರಜನನದ ವಾರ್ತೆಯೂ ಕೂಡಿ ಬಂದ ಸಂತೋಷದಲ್ಲಿ ವಿಷ್ಣುವರ್ಧನನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಆ ಮಗನ ತಾಯಿ ಲಕ್ಷ್ಮೀದೇವಿ. ರಾಣಿಯ ನಿಧನ, ಎರಡು ವರ್ಷಗಳ ಅನಂತರ ಇನ್ನೊಬ್ಬ ರಾಣಿಗೆ ಪುತ್ರಲಾಭ: ಶಾಸನವು ಇವೆರಡನ್ನು ಬೇರೆ ಬೇರೆಯಾಗಿ ಇಟ್ಟಿದೆ. ಇವೆರಡರ ನಡುವೆ ಕಾರಣಕಾರ್ಯದ ಸೇತುವೆ ಕಟ್ಟಿ, ಆ ಸೇತುವೆಗೆ ಪ್ರಪಾತವನ್ನು ಜೋಡಿಸಿದ್ದು ಕಥೆ.

ಶಾಸನವೂ ಆಸ್ಥಾನಕವಿಯ ರಚನೆಯಲ್ಲವೆ, ಅದರಲ್ಲಿಯೂ ಅತಿಶಯೋಕ್ತಿ ಇಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ರಾಣಿಯ ರೂಪವನ್ನು ರತಿಗೆ, ಶೀಲವನ್ನು ಸೀತೆಗೆ ಹೋಲಿಸುವ ಪ್ರಶಸ್ತಿಭಾಗವನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ. ವರ್ತಕನ ಖಾತೆಪುಸ್ತಕದ ತಲೆಯಲ್ಲಿ ಶ್ರೀಕಾರವೂ ಲಾಭ ಶುಭಗಳೂ ಇರುತ್ತವೆ. ಅಷ್ಟರಿಂದ ಅಂಗಡಿಗೆ ಲಾಭವಾಯಿತೆಂದು ಯಾರೂ ತಿಳಿಯುವುದಿಲ್ಲ. ಅದರ ಕೆಳಗಿನ ಜಮಾ ಖರ್ಚಿನ ಸಾಲುಗಳನ್ನು ನೋಡಿಯೇ ತಿಳಿಯುತ್ತಾರೆ. ಶಾಸನದ ತಿಥಿ, ದತ್ತಿ, ಎಲ್ಲೆಕಟ್ಟು, ಗುರುಪರಂಪರೆ ಇವು ಆ ಜಮಾ ಖರ್ಚಿನ ಸಾಲುಗಳು. ಪ್ರಶಸ್ತಿಯನ್ನು ಬಿಟ್ಟು ಸಾಲುಗಳನ್ನು ಓದುವ ವಿವೇಕ ವರ್ತಕನಿಗೆ ಅಭ್ಯಾಸವಾದದ್ದೇ.

ಇನ್ನು ಧರ್ಮವಿಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಐದಾಗಿ ಎಣಿಸುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವುಗಳನ್ನು ವಿವರಿಸಿದ್ದಾರೆ. ಇವುಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ.

ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಹಿರಂಗಪಡಿಸುವುದು. ನಿಜವಾಗಿ ನಡೆದದ್ದನ್ನು ಹೇಳುವುದೇ ದೋಷವಾದರೆ, ನಡೆದಿತೋ ಇಲ್ಲವೋ ತಿಳಿಯದ ಏಕಾಂತವನ್ನು ಕಲ್ಪಿಸಿ ಸಾವಿರಾರು ಕಣ್ಣುಗಳ ಮುಂದಿಡುವುದು ಇನ್ನೂ ಸೂಕ್ಷ್ಮವಾದ ವಿಷಯ. ಬದುಕಿರುವವರ ಅಂತಃಪುರವನ್ನು ಹೀಗೆ ತೆರೆದರೆ ಅವರು ನ್ಯಾಯಾಲಯಕ್ಕೆ ಹೋಗಬಲ್ಲರು. ಒಂಬೈನೂರು ವರ್ಷಗಳ ಹಿಂದೆ ಅಳಿದವಳಿಗೆ ವಕೀಲರಿಲ್ಲ. ಎದುರು ಮಾತನಾಡಲಾರದವರ ವಿಷಯದಲ್ಲಿ ಹೆಚ್ಚು ಮಿತವಾಗಿರುವುದು ಅಹಿಂಸೆಯ ಒಂದು ರೂಪವೇ ಆಗಿದೆ.

ಕೂಟಲೇಖಕ್ರಿಯೆ ಎರಡನೆಯದು. ಒಬ್ಬರು ಆಡದ ಮಾತನ್ನು ಆಡಿದರೆಂದೂ ಮಾಡದ ಕೆಲಸವನ್ನು ಮಾಡಿದರೆಂದೂ, ವಂಚಿಸುವ ನಿಮಿತ್ತ ಬರೆಯುವುದು ಎಂಬುದು ಪೂಜ್ಯಪಾದರ ವಿವರಣೆಯ ತಾತ್ಪರ್ಯ. ವಂಚನೆಯ ನಿಮಿತ್ತ ಎಂಬ ಆ ಎಚ್ಚರಿಕೆಯನ್ನು ಗಮನಿಸಬೇಕು. ಕಾದಂಬರಿಕಾರನು ಕಾದಂಬರಿಯೆಂದೇ ಹೆಸರಿಟ್ಟು ಮಾರುತ್ತಾನೆ. ಗಿಲೀಟಿನ ಒಡವೆಯನ್ನು ಗಿಲೀಟೆಂದೇ ಹೇಳಿ ಮಾರುವ ವರ್ತಕನು ವಂಚಕನಲ್ಲ. ಆದುದರಿಂದ ಐತಿಹಾಸಿಕ ಕಾದಂಬರಿಯನ್ನು ಕೂಟಲೇಖವೆನ್ನುವುದು ಅನ್ಯಾಯ. ಆದರೆ ಗಿಲೀಟಿನ ಒಡವೆ ಕೈಯಿಂದ ಕೈಗೆ ಸಾಗುತ್ತ ನಾಲ್ಕನೆಯ ಕೈಯಲ್ಲಿ ಚಿನ್ನವೆಂದು ಅಡವಿಗೆ ಬಿದ್ದರೆ? ಕಾದಂಬರಿ ಧಾರಾವಾಹಿಯಾಗಿ, ಧಾರಾವಾಹಿ ಪ್ರವಾಸಿ ಮಾರ್ಗದರ್ಶಿಯ ಮಾತಾಗಿ, ಆ ಮಾತು ಮಕ್ಕಳ ತಿಳಿವಳಿಕೆಯಾಗುವಾಗ ನಡೆಯುವುದು ಇದೇ. ಯಾರೊಬ್ಬರಲ್ಲೂ ವಂಚನೆಯ ಸಂಕಲ್ಪವಿರುವುದಿಲ್ಲ. ಆದರೂ ಕೊನೆಯವನು ವಂಚಿತನಾಗುತ್ತಾನೆ. ದೃಶ್ಯವು ಅಕ್ಷರಕ್ಕಿಂತ ವೇಗವಾಗಿ ಕೈ ಬದಲಿಸುವುದರಿಂದ ತೆರೆಯ ಮೇಲೆ ತೋರಿಸುವವನ ಹೊಣೆ ಬರೆದವನ ಹೊಣೆಗಿಂತ ಹೆಚ್ಚು.

ಇಲ್ಲಿ ಅನೇಕಾಂತದ ಆಶ್ರಯ ಪಡೆಯುವವರುಂಟು. ಶಾಸನದ ಶಾಂತಲೆ ಒಂದು ನಯ, ಕಥೆಯ ಶಾಂತಲೆ ಇನ್ನೊಂದು ನಯ, ಎರಡೂ ಸತ್ಯದ ಮುಖಗಳೇ ಎಂಬುದು ಅವರ ವಾದ. ಅನೇಕಾಂತದ ಅರ್ಥ ಇದಲ್ಲ. ಇರುವ ವಸ್ತುವನ್ನು ಬೇರೆ ಬೇರೆ ಕಡೆಯಿಂದ ನೋಡುವುದು ನಯ. ಇಲ್ಲದ ಘಟನೆಯನ್ನು ಸೇರಿಸುವುದು ನಯವಲ್ಲ. ರಾಣಿಗೆ ದುಃಖವಿದ್ದಿತೆ, ಪತಿಯ ಮತಾಂತರದ ಪ್ರತೀತಿ ಆಕೆಯ ಮನಸ್ಸಿನಲ್ಲಿ ಏನನ್ನು ಉಂಟುಮಾಡಿರಬಹುದು, ಜಿನಗೃಹವನ್ನೂ ವಿಷ್ಣುಗೃಹವನ್ನೂ ಕಟ್ಟಿಸಿದ ಕೈಗೆ ಯಾವ ಸಮಾಧಾನವಿದ್ದಿತು ಎಂದು ಕಲ್ಪಿಸುವುದು ಕವಿಯ ನಯ. ಶಾಸನ ಮೌನವಾಗಿರುವಲ್ಲಿ ಅವನು ಮಾತನಾಡಬಹುದು. ಆದರೆ ಆ ಕಲ್ಪನೆಯೇ ನಿಶ್ಚಯವೆಂದು ಉಳಿದ ಮುಖಗಳನ್ನು ಮರೆಸಿಬಿಟ್ಟರೆ, ಅದು ದುರ್ನಯವಾಗುತ್ತದೆ.

ಶಾಂತಲೆಯ ಕಥೆಯಲ್ಲಿ ಈ ದುರ್ನಯದ ಬೆಲೆ ಸಣ್ಣದಲ್ಲ. ಪ್ರಪಾತಕ್ಕೆ ಧುಮುಕುವುದು ಆತ್ಮಹತ್ಯೆ. ಸಲ್ಲೇಖನವು ಬೇರೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಬಂದಾಗ ಧರ್ಮವನ್ನು ಉಳಿಸಿಕೊಳ್ಳುತ್ತ ದೇಹವನ್ನು ಬಿಡುವ ಕ್ರಮವೆಂದು ಸಮಂತಭದ್ರರು ಅದನ್ನು ನಿರೂಪಿಸಿದ್ದಾರೆ. ಬದುಕಬೇಕೆಂಬ ಆಶೆಯಂತೆ ಸಾಯಬೇಕೆಂಬ ಆಶೆಯೂ ಅಲ್ಲಿ ಅತಿಚಾರವೇ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ದೇಶದ ಜೈನ ಸಮಾಜವೆಲ್ಲ ಈ ಭೇದವನ್ನು ಹೇಳಲು ಬೀದಿಗಿಳಿಯಬೇಕಾಯಿತು. ಅದೇ ತಿಂಗಳ ಕೊನೆಯ ದಿನ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ನ್ಯಾಯಾಲಯದ ಮುಂದೆ ಅಷ್ಟು ಶ್ರಮದಿಂದ ಹೇಳಿದ ಭೇದವನ್ನು, ಬೆಟ್ಟದಿಂದ ಧುಮುಕಿದ ಜಿನಭಕ್ತೆಯ ಸುಂದರ ಚಿತ್ರವೊಂದು ಮಕ್ಕಳ ಮನಸ್ಸಿನಲ್ಲಿ ಸದ್ದಿಲ್ಲದೆ ಅಳಿಸಿಹಾಕಬಲ್ಲುದು. ಅದಕ್ಕಿಂತಲೂ ಹೆಚ್ಚಾಗಿ, ದಾಂಪತ್ಯದಲ್ಲಿ ನೊಂದ ಹೆಣ್ಣಿಗೆ ಮರಣವೇ ಅತ್ಯುನ್ನತ ತ್ಯಾಗವೆಂಬ ಪಾಠವನ್ನು ಯಾವ ಮನೆಯ ಮಗಳಿಗೂ ಕಲಿಸಬಾರದು.

ಉಪ್ಪಾರಪೇಟೆಯ ಒಂದು ವರ್ತಕ ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಶಾಲೆಯವರೊಡನೆ ಶಿವಗಂಗೆಗೆ ಹೋಗಿಬಂದ ಮೊಮ್ಮಗಳು ಸಂಜೆ ಅಂಗಡಿಯ ಲೆಕ್ಕ ನೋಡುತ್ತಿರುವ ಹಿರಿಯರ ಬಳಿಗೆ ಬರುತ್ತಾಳೆ.

“ತಾತ, ಶಾಂತಲಾದೇವಿ ಸವತಿಗೋಸ್ಕರ ಬೆಟ್ಟದ ಮೇಲಿಂದ ಹಾರಿಬಿಟ್ಟಳಂತೆ. ನಿಜವೇ?”

“ಇರಬಹುದಮ್ಮ, ಹಾಗೇ ಹೇಳುತ್ತಾರೆ,” ಎನ್ನುತ್ತಾರೆ ತಾತ. ಪರ್ಯುಷಣದ ದಿನಗಳಲ್ಲಿ ಪ್ರವಚನವನ್ನು ಕೇಳಿದವರು. ಚಂದ್ರಗಿರಿಯ ಬಸದಿಯನ್ನು ಕಂಡವರು. ಲೆಕ್ಕ ತಪ್ಪಬಾರದೆಂಬ ಆತುರದಲ್ಲಿ ಆ ಮಾತು ಬಂದುಬಿಡುತ್ತದೆ.

ಮೂರನೆಯ ಅತಿಚಾರವಾದ ನ್ಯಾಸಾಪಹಾರದ ವಿವರಣೆ ಈ ಮಾತಿಗಾಗಿಯೇ ಇದ್ದಂತಿದೆ. ಒಬ್ಬನು ನೂರು ಹೊನ್ನನ್ನು ಮತ್ತೊಬ್ಬನಲ್ಲಿ ಇಟ್ಟು ಹೋಗುತ್ತಾನೆ. ಕಾಲಾಂತರದಲ್ಲಿ ಹಿಂದಿರುಗಿದಾಗ ಎಷ್ಟು ಇಟ್ಟಿದ್ದೆನೆಂಬುದು ಅವನಿಗೆ ಮರೆತಿದೆ; ಎಂಬತ್ತನ್ನು ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಎಂಬತ್ತನ್ನು ಎಣಿಸಿಕೊಡುತ್ತಾನೆ. ಅವನು ಕದಿಯಲಿಲ್ಲ, ಸುಳ್ಳು ಲೆಕ್ಕ ಬರೆಯಲಿಲ್ಲ, ಕೇಳಿದ್ದನ್ನು ಕೊಟ್ಟನು. ಆದರೂ ಆಚಾರ್ಯರು ಅವನ ಸಮ್ಮತಿಯ ಮಾತನ್ನು ಸತ್ಯವ್ರತದ ಭಂಗಕ್ಕೆ ಸೇರಿಸಿದರು. ತಿಳಿದವನು ತಿಳಿಯದವನ ಮರೆವನ್ನು ಅನುಮೋದಿಸಿದ್ದೇ ಅಲ್ಲಿಯ ದೋಷ.

ಪೂರ್ವಜರ ಚರಿತ್ರೆ ಹಿರಿಯರ ಕೈಯಲ್ಲಿರುವ ನಿಕ್ಷೇಪ. ಅದರ ಒಡೆಯರು ಮುಂದಿನ ತಲೆಮಾರಿನ ಮಕ್ಕಳು. ಎಷ್ಟು ಇದೆಯೆಂಬುದು ಅವರಿಗೆ ತಿಳಿಯದು. ಆದುದರಿಂದ ಕಡಿಮೆ ಕೇಳುತ್ತಾರೆ. ಎರಡು ಧರ್ಮಗಳಿಗೆ ಗೌರವ ಸಲ್ಲಿಸಿದ, ಬಸದಿಗೆ ದತ್ತಿ ಬಿಟ್ಟ, ಮದಗಜವೆಂದು ಬಿರುದು ಪಡೆದ ರಾಣಿಯೊಬ್ಬಳು ಅವರ ಪಾಲಿಗೆ ಜಮೆಯಾಗಿರುವಾಗ, ಪ್ರಪಾತದ ಅಂಚಿನಲ್ಲಿ ಕಣ್ಣೀರಿಡುವ ಪ್ರಣಯಿನಿಯನ್ನು ಮಾತ್ರ ಕೇಳಿ ತೃಪ್ತರಾಗುತ್ತಾರೆ. ‘ಇರಬಹುದಮ್ಮ’ ಎಂದು ಅಷ್ಟನ್ನೇ ಎಣಿಸಿಕೊಟ್ಟರೆ ಉಳಿದದ್ದು ಹಿರಿಯರೊಡನೆಯೇ ಮಣ್ಣಾಗುತ್ತದೆ. ಧಾರಾವಾಹಿ ಮಾಡಿದವರನ್ನು ದೂಷಿಸುವ ಮೊದಲು ಪ್ರತಿಯೊಂದು ಮನೆಯೂ ತನ್ನಲ್ಲಿರುವ ಈ ಠೇವಣಿಯ ಲೆಕ್ಕವನ್ನು ನೋಡಿಕೊಳ್ಳಬೇಕು.

ಹಾಗೆಂದು ಕಥೆಗೆ ಬಾಗಿಲು ಮುಚ್ಚಬೇಕಾಗಿಲ್ಲ. ಪಂಪ ಜನ್ನರ ವಂಶಕ್ಕೆ ಅದು ಶೋಭಿಸುವುದೂ ಇಲ್ಲ. ತೆರೆಗೆ ತರುವವರು ಕಲ್ಪಿತ ಪಾತ್ರಗಳ ಮೇಲೆ ಎಷ್ಟು ಪ್ರಣಯವನ್ನಾದರೂ ಹೊರಿಸಲಿ; ಶಾಸನದಲ್ಲಿರುವವರ ವಿಷಯದಲ್ಲಿ ಮೌನವಿರುವಲ್ಲಿ ಮಾತ್ರ ಮಾತನಾಡಲಿ, ಮಾತಿರುವಲ್ಲಿ ಅದಕ್ಕೆ ವಿರುದ್ಧವಾಗಿ ನುಡಿಯದಿರಲಿ. ಆರಂಭದ ಪ್ರಕಟಣೆಯ ಜೊತೆಗೆ, ಕೊನೆಯಲ್ಲಿ ಶಾಸನವು ಏನನ್ನು ಹೇಳುತ್ತದೆಂಬುದನ್ನೂ ಎರಡು ಮಾತುಗಳಲ್ಲಿ ತಿಳಿಸಲಿ. ನೋಡುವವರು ಆನಂದದಿಂದ ನೋಡಲಿ. ನೋಡಿ ಮುಗಿದ ಮೇಲೆ ಒಮ್ಮೆಯಾದರೂ ‘ಇದು ಎಲ್ಲಿ ಬರೆದಿದೆ?’ ಎಂದು ಕೇಳಲಿ.

ಆ ತಾತನಿಗೂ ಅವಕಾಶ ಮುಗಿದಿಲ್ಲ. ಖಾತೆಪುಸ್ತಕವನ್ನು ಮುಚ್ಚಿಟ್ಟು, “ಬೆಟ್ಟದಿಂದ ಹಾರಿದಳೆಂದು ಕಲ್ಲಿನ ಮೇಲೆ ಎಲ್ಲಿಯೂ ಬರೆದಿಲ್ಲ, ಮಗು. ಬರೆದಿರುವುದನ್ನು ನೋಡಬೇಕಾದರೆ ಬೆಳಗೊಳಕ್ಕೆ ಹೋಗಬೇಕು. ಭಾನುವಾರ ಇಬ್ಬರೂ ಹೋಗಿ ಬರೋಣ,” ಎಂದರೆ ಸಾಕು. ಚಂದ್ರಗಿರಿಯ ಮೆಟ್ಟಿಲುಗಳು ಅವರ ಮೊಣಕಾಲಿಗೆ ಸ್ವಲ್ಪ ಕಷ್ಟ ಕೊಡಬಹುದು. ಆದರೆ ಇಟ್ಟುಕೊಂಡದ್ದನ್ನು ಒಡೆಯರಿಗೆ ಪೂರ್ತಿ ಎಣಿಸಿಕೊಡುವಾಗ ಇಷ್ಟು ಶ್ರಮವಾದರೂ ಸಲ್ಲಬೇಕಾದದ್ದೇ.